ಬಾವುಟಕ್ಕೆ ಕಾದ ಟಯರು

ಕಾರು ರೇಸು ನಿಂತು ಎಷ್ಟೋ ಕಾಲವಾಗಿದ್ದ ಟ್ರ್ಯಾಕಿನ ನಡುವೆ ಟಿಟ್ಟಿಭ ಹಕ್ಕಿಯೊಂದು ಮೊಟ್ಟೆಯಿಟ್ಟಿತ್ತು. ಪಕ್ಕದ ದಿಬ್ಬದ ಮೇಲೆ ನಿಂತಿದ್ದ ಹಳೆಯ ರೇಸು ಟಯರು ಎಚ್ಚರಿಸಿತು: "ಅಲ್ಲಿಂದ ಏಳಮ್ಮ, ಕಾರುಗಳು ಬರುತ್ತವೆ."

"ಹೋದವು ಮತ್ತೆ ಬರಲೇ ಇಲ್ಲವಲ್ಲಣ್ಣ."

"ಇದು ದುಂಡನೆಯ ದಾರಿ. ಹೋದವರು ಬರಲೇಬೇಕು."

ಬಂದದ್ದು ಎಮ್ಮೆ, ಅದೂ ನೇರವಾಗಿ ಮೊಟ್ಟೆಗಳ ಕಡೆಗೆ. "ಅಣ್ಣಾ, ಉರುಳಿ ಬಂದು ಅದನ್ನು ಬೆದರಿಸು!" ಎಂದು ಹಕ್ಕಿ ಕೂಗಿಕೊಂಡಿತು.

"ಯಾರಾದರೂ ರೇಸಿನ ಬಾವುಟ ಬೀಸುವವರೆಗೆ ನಾನು ಹೊರಡುವಂತಿಲ್ಲ," ಎಂದಿತು ಟಯರು.

ಹಕ್ಕಿ ತನ್ನ ಕಪ್ಪು ಬಿಳುಪಿನ ರೆಕ್ಕೆಯನ್ನೆತ್ತಿ ಬಾವುಟದಂತೆ ಬೀಸಿತು. ಟಯರು ದಿಬ್ಬದಿಂದ ಉರುಳಿತು. ಎಮ್ಮೆ ಬೆದರಿ ಓಡಿಹೋಯಿತು. ಟಯರು ಚರಂಡಿಗೆ ಬಿದ್ದು ಸೀಳಿಹೋಯಿತು.

"ಯಾರು ಗೆದ್ದರು?" ಎಂದು ಅದು ಅಲ್ಲಿಂದಲೇ ಕೇಳಿತು.

ಹಕ್ಕಿ ಮೊಟ್ಟೆಗಳ ಮೇಲೆ ಮತ್ತೆ ಕೂತು ಹೇಳಿತು: "ಎಮ್ಮೆಗೆ ಎರಡನೇ ಸ್ಥಾನ, ಅಣ್ಣ."