ಉಡ ಎತ್ತಿದ ಕಾಲು

ಹೊಲದ ಬದುವಿನ ಮೇಲೆ ಇರುವೆಗಳ ದಾರಿಯೊಂದಿತ್ತು. ದಾರಿಯ ಪಕ್ಕದ ಗೂಡುಗಳ ಜಾಗವನ್ನು ಕಾಳಿನ ಸಂತೆಗೆ ಬಿಟ್ಟುಕೊಡಬೇಕೆಂದು ಹೆಗ್ಗಣ ಹಟ ಹಿಡಿದಿತ್ತು. ಓಡಾಟಕ್ಕೆ ತೊಡಕಾಗದಿದ್ದರೆ ಮಾತ್ರ ಜಾಗದ ಬಳಕೆ ಬದಲಿಸಬಹುದು ಎಂಬುದು ಬದುವಿನ ಕಟ್ಟಳೆ. ಪರೀಕ್ಷಿಸಿ ತೀರ್ಪು ಕೊಡಲು ಹಿರಿಯ ಉಡ ಬಂತು. ಹೆಗ್ಗಣ ಅದನ್ನು ಕರೆತಂದದ್ದು ಮಾತ್ರ ಸುಡು ಮಧ್ಯಾಹ್ನದಲ್ಲಿ.

ಉಡ ದಾರಿಯುದ್ದಕ್ಕೂ ನಾಲಿಗೆ ಚಾಚಿ ನೋಡಿತು. “ಒಂದು ಹುಳವೂ ಇಲ್ಲವಲ್ಲ! ಸಂತೆ ಧಾರಾಳವಾಗಿ ನಡೀಲಿ.”

ಗೂಡಿನ ಬಾಯಲ್ಲಿ ಕಾವಲಿದ್ದ ಕೆಂಜಿರುವೆಗೆ ಮೈ ಉರಿದುಹೋಯಿತು. ಒಳಗೆ ಮೊಟ್ಟೆಗಳಿದ್ದವು. “ಯಜಮಾನರೇ, ಈ ಬಿಸಿಲಿಗೆ ಮಣ್ಣು ಕಾದ ಹೆಂಚಾಗಿದೆ. ನಾವು ಓಡಾಡೋದು ಹೊತ್ತು ಇಳಿದ ಮೇಲೆ. ಸಂಜೆ ಬಂದು ನೋಡಿ.”

“ಸಂಜೆ ಅವರಿಗೆ ಬೇರೆ ಕೆಲಸ ಇರುತ್ತೆ ಕಣೇ,” ಎಂದು ಹೆಗ್ಗಣ ಮೀಸೆ ತೀಡಿತು. “ನೋಡಿದ್ದಾಯ್ತು, ಹೇಳಿದ್ದಾಯ್ತು. ಸಂಸಾರ ಕಟ್ಕೊಂಡು ಜಾಗ ಖಾಲಿ ಮಾಡು.”

“ಹೊರಡ್ತೀವಿ ಮಾವ, ಈಗಲೇ ಹೊರಡ್ತೀವಿ!” ಎಂದ ಕೆಂಜಿರುವೆ ಒಳಗೆ ತಿರುಗಿ ಎಲ್ಲರನ್ನೂ ಕೂಗಿತು.

ಮೊಟ್ಟೆ ಕಚ್ಚಿಕೊಂಡ ಇರುವೆಗಳು, ಕಾಲು ಸುಡುತ್ತಿದ್ದರೂ, ಎಲ್ಲ ಗೂಡುಗಳಿಂದ ಹೊರಬಿದ್ದು ಬದು ತುಂಬಿದವು. ಹೆಗ್ಗಣ ಕಾವಲಿನ ಇರುವೆಗಳಿಂದ ಕಚ್ಚಿಸಿಕೊಂಡು ಹೊಲಕ್ಕೆ ಹಾರಿತು. ನಡುದಾರಿಯಲ್ಲಿ ಸಿಕ್ಕಿಬಿದ್ದ ಉಡ, ಎತ್ತಿದ ಕಾಲನ್ನು ಇಳಿಸಲಾರದೆ ಒದ್ದಾಡಿತು.

“ಏ, ನಿಲ್ಲಿಸ್ರೇ! ಕಾಲೆಲ್ಲಿಡಲಿ ನಾನು?”

“ನಾವೂ ಅದನ್ನೇ ಕೇಳ್ತಿರೋದು ಯಜಮಾನರೇ,” ಎಂದಿತು ಕೆಂಜಿರುವೆ. “ಸಂಜೆವರೆಗೂ ಹಾಗೇ ನಿಂತಿರಿ. ನಮ್ಮ ನಿಜವಾದ ಓಡಾಟ ಆಗ ಶುರುವಾಗುತ್ತೆ.”

ಉಡ ಸಂಜೆವರೆಗೆ ಕಾಯಲಿಲ್ಲ. ಮೂರು ಕಾಲ ಮೇಲೆ ನಿಂತೇ ಸಂತೆಯ ಮಾತನ್ನು ತಳ್ಳಿಹಾಕಿತು.