ಲೆಯ್ದಾಳ ತೀರ

ಎಸ್ಟೋನಿಯಾದ ಪಡುಗಡಲಿನ ಒಂದು ಸಣ್ಣ ದ್ವೀಪದ ತುದಿಗೆ ಲೆಯ್ದಾಳ ತೀರವೆಂದು ಹೆಸರು. ಅಲ್ಲಿ ಮರಳು ಕಡಿಮೆ, ಬೂದುಬಣ್ಣದ ಕಲ್ಲೇ ಹೆಚ್ಚು. ಗಾಳಿಯ ಹೊಡೆತಕ್ಕೆ ಪೊದೆಗಳೆಲ್ಲ ಒಂದೇ ಕಡೆ ಬಾಗಿ ನಿಂತಿವೆ. ಆ ದೇಶದಲ್ಲಿ ಲೆಯ್ದಾ ಎಂಬುದು ಹೆಣ್ಣುಮಕ್ಕಳಿಗೆ ಇಡುವ ಹೆಸರು. ಅವರ ಮಾತಿನಲ್ಲಿ ಅದಕ್ಕೆ 'ಕಂಡುಕೊಳ್ಳುವುದು' ಎಂದು ಅರ್ಥ. ಆದರೆ ಈ ತೀರಕ್ಕೆ ಆ ಹೆಸರು ಬಂದದ್ದು ಸಿಕ್ಕವಳಿಂದಲ್ಲ, ಕಳೆದುಹೋದವಳಿಂದ ಎಂದು ಊರಿನ ಹಿರಿಯರು ಹೇಳುತ್ತಾರೆ.

ಹಿಂದೆ ಒಮ್ಮೆ, ದ್ವೀಪವೆಲ್ಲ ಜರ್ಮನ್ ಜಮೀನ್ದಾರರ ಕೈಯಲ್ಲಿದ್ದ ಕಾಲಕ್ಕೆ, ಇಲ್ಲಿ ತ್ರೀನು ಎಂಬ ಬೆಸ್ತರ ವಿಧವೆಯಿದ್ದಳಂತೆ. ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಡಲಿಗೆ ಒಪ್ಪಿಸಿದವಳು. ಒಂದು ಬಿರುಗಾಳಿಯಲ್ಲಿ ಪರದೇಶದ ಹಡಗೊಂದು ಬಂಡೆಗೆ ಬಡಿದು ಒಡೆಯಿತು. ಬೆಳಗ್ಗೆ ದಡಕ್ಕೆ ಹೋದ ತ್ರೀನುವಿಗೆ ಮರದ ತೊಟ್ಟಿಯೊಳಗೆ ಹೆಣ್ಣುಕೂಸೊಂದು ಜೀವಂತ ಸಿಕ್ಕಿತು. ಧರ್ಮಗ್ರಂಥದ ಹೆಸರೇ ಆಗಬೇಕೆಂದು ಪಾದ್ರಿ ಅದಕ್ಕೆ ಮಗ್ದಲೇನಾ ಎಂದು ಜ್ಞಾನಸ್ನಾನ ಮಾಡಿಸಿದ. ತ್ರೀನು ಅಲ್ಲಿ ತಲೆಯಾಡಿಸಿ, ಮನೆಗೆ ಬಂದು ಲೆಯ್ದಾ ಎಂದು ಕರೆದಳು. ಬತ್ತಿಹೋಗಿದ್ದ ಅವಳ ಮನೆಯಲ್ಲಿ ಮತ್ತೆ ತೊಟ್ಟಿಲು ತೂಗಿತು.

ಮರುವಸಂತದಲ್ಲಿ ಒಬ್ಬ ನಾವಿಕ ಬಂದ. ಅವನ ಭಾಷೆ ಬಲ್ಲವನು ನೆರೆಮನೆಯ ಯೂರಿ ಒಬ್ಬನೇ. ನಾವಿಕನ ಮಾತನ್ನು ಅವನೇ ತ್ರೀನುವಿಗೆ ತಿಳಿಸಿ ಹೇಳಿದ. ಆ ಹಡಗಿನಲ್ಲಿ ನಾವಿಕನ ಹೆಂಡತಿಯೂ ಮಗಳೂ ಇದ್ದರಂತೆ. ತ್ರೀನು ಹೊಸ್ತಿಲಿಗೆ ಅಡ್ಡ ನಿಂತು, "ಕಡಲು ಯಾರನ್ನೂ ಹಿಂದಕ್ಕೆ ಕೊಡಲಿಲ್ಲವೆಂದು ಹೇಳಪ್ಪ" ಎಂದಳು. ಯೂರಿ ಅವಳ ಮುಖ ನೋಡಿದ. ಹಾಗೆಯೇ ಹೇಳಿದ. ನಾವಿಕ ನೀರು ಕೇಳಿ ಕುಡಿದು, ಬಂದ ದಾರಿಯಲ್ಲೇ ಹೊರಟುಹೋದ.

ಲೆಯ್ದಾ ಮದುವೆಯ ವಯಸ್ಸಿಗೆ ಬಂದಳು. ನಿಶ್ಚಿತಾರ್ಥದ ದಿನ ಯೂರಿ ಕುಡಿದ ಅಮಲಿನಲ್ಲಿ, "ಹೆತ್ತಪ್ಪ ಇದನ್ನು ನೋಡಬೇಕಿತ್ತು, ಬಾಗಿಲ ತನಕ ಬಂದಿದ್ದ" ಎಂದುಬಿಟ್ಟ. ಹುಡುಗಿ ತಾಯಿಯ ಕಡೆ ತಿರುಗಿದಳು.

"ಅಮ್ಮ, ಆಗ ನಾನೆಲ್ಲಿದ್ದೆ?"

"ಒಳಗೆ. ತೊಟ್ಟಿಲಲ್ಲಿ."

"ಅಳಲಿಲ್ಲವೇ?"

"ನಿದ್ದೆ ಮಾಡುತ್ತಿದ್ದೆ, ಮಗಳೇ. ನೀನು ಅತ್ತಿದ್ದರೆ ಕೊಟ್ಟುಬಿಡುತ್ತಿದ್ದೆನೋ ಏನೋ."

ಲೆಯ್ದಾ ಜಗಳವಾಡಲಿಲ್ಲ. ಮರುದಿನ ಉಪ್ಪು ಸಾಗಿಸುವ ದೋಣಿ ಹತ್ತಿ ಅಪ್ಪನನ್ನು ಹುಡುಕಲು ಹೊರಟವಳು ತಿರುಗಿ ಬರಲೇ ಇಲ್ಲ. ಅಪ್ಪ ಸಿಕ್ಕನೋ, ಕಡಲೇ ನುಂಗಿತೋ, ಯಾರಿಗೂ ತಿಳಿಯದು. ತ್ರೀನು ಮಾತ್ರ ದಿನವೂ ದಡಕ್ಕೆ ಬಂದು "ಲೆಯ್ದಾ, ಲೆಯ್ದಾ" ಎಂದು ಕೂಗುತ್ತಿದ್ದಳು. ದೋಣಿಯಲ್ಲಿ ಹಾದುಹೋಗುವ ಹೊರಗಿನವರಿಗೆ ಅದು ಹೆಸರೆಂದು ಹೊಳೆಯುತ್ತಿರಲಿಲ್ಲ; ಆಗಿನ್ನೂ ಆ ಹೆಸರು ಬಳಕೆಯಲ್ಲಿರಲಿಲ್ಲ, 'ಕಂಡುಕೊಳ್ಳುವುದು' ಎಂಬ ಮಾತಷ್ಟೇ ಅವರಿಗೆ ಕೇಳುತ್ತಿತ್ತು. "ಏನು ಹುಡುಕುತ್ತಿದ್ದೀಯ ತಾಯಿ?" ಎಂದು ಕೇಳುತ್ತಿದ್ದರು. ಅವಳು ಮತ್ತೆ ಕಡಲಿನತ್ತಲೇ ತಿರುಗಿ ಕೂಗುತ್ತಿದ್ದಳು. ಬಾಗಿಲಿಗೆ ಬಂದವನನ್ನು ಬರಿಗೈಯಲ್ಲಿ ಕಳಿಸಿದವಳಿಗೆ ಮಗಳನ್ನು ಕೊಡೆಂದು ಕೇಳುವ ಹಕ್ಕಾದರೂ ಎಲ್ಲಿತ್ತು?

ಇಂದಿಗೂ ತೀರದ ಹಿಂದಿನ ದಿಬ್ಬದ ಮೇಲೆ ಊರಿನ ಸ್ಮಶಾನವನ್ನು ಕಾಣಬಹುದು. ಪಾಚಿ ಹಿಡಿದ ಶಿಲುಬೆಗಳ ಮೇಲೆ ಮಾರೆತ್, ಲೀಸು, ಆನ್ನಾ ಎಂಬ ಹೆಸರುಗಳನ್ನು ಓದಬಹುದು. ಲೆಯ್ದಾ ಎಂಬ ಹೆಸರು ಒಂದು ಕಲ್ಲಿನ ಮೇಲೂ ಇಲ್ಲ. ದೇಶದ ಬೇರೆಲ್ಲ ಕಡೆ ಅಕ್ಕರೆಯಿಂದ ಇಡುವ ಆ ಹೆಸರನ್ನು ಈ ಊರಿನ ತಾಯಂದಿರು ಮಗಳಿಗೆ ಇಡುವುದಿಲ್ಲ.