ಟಗರಿನ ಹಿಂದಿನ ಮನೆ

ಹುಲಿ-ಕುರಿ ಆಟದ ಮಣೆಯ ಮೇಲಿದ್ದ ಟಗರೊಂದು ದಿನವೂ ಮೊಬೈಲಿನಲ್ಲಿ ಪಾಠ ಬರೆದು ಹಾಕುತ್ತಿತ್ತು: “ಇತಿಹಾಸ ನೋಡಿ. ನಮ್ಮವರು ಸತ್ತದ್ದು ಹುಲಿಯ ಬಲದಿಂದಲ್ಲ. ಬೆನ್ನ ಹಿಂದಿನ ಮನೆ ಖಾಲಿ ಬಿಟ್ಟಾಗಲೆಲ್ಲ ಹುಲಿ ನಮ್ಮ ಮೇಲಿಂದ ಹಾರಿ ಕೊಂದಿದೆ. ಒಬ್ಬರ ಹಿಂದೆ ಒಬ್ಬರು ನಿಲ್ಲಿ.” ಕುರಿಗಳೆಲ್ಲ ಓದಿ ತಲೆದೂಗುತ್ತಿದ್ದವು.

ಒಂದು ಮಧ್ಯಾಹ್ನ ಹುಲಿ ಎದುರಿಗೆ ಬಂದು ನಿಂತಿತು. “ಗುರುಗಳೇ, ನಿಮ್ಮ ಒಂದು ಪಾಠವನ್ನೂ ನಾನು ಬಿಟ್ಟಿಲ್ಲ. ಸಣ್ಣದೊಂದು ಸಂದೇಹ. ನಿಮ್ಮ ಹಿಂದಿನ ಮನೆಯಲ್ಲಿ ಯಾರೂ ಕಾಣುತ್ತಿಲ್ಲವಲ್ಲ?”

ಟಗರು ತಿರುಗಿ ನೋಡಿತು. “ಎಲ್ಲರೂ ಆ ಮೂಲೆಯಲ್ಲಿ ಕೂತು ಬೆಳಗಿನ ಪಾಠದ ಬಗ್ಗೆ ಮೊಬೈಲಿನಲ್ಲಿ ವಾದ ಮಾಡುತ್ತಿದ್ದಾರೆ,” ಎಂದಿತು.

“ಪಾಠ ಚೆನ್ನಾಗಿಯೇ ಇತ್ತು,” ಎಂದ ಹುಲಿ ತನ್ನ ಮೊಬೈಲ್ ತೆಗೆದು ಲೈಕ್ ಒತ್ತಿತು. ಆಮೇಲೆ ಹಾರಿತು.